ವಿಗನ್ ಊರಿಗೆ ಬಂದ ಮೂವರು

ನಮ್ಮ ದಾವಣಗೆರೆಗೆ ಹಿಂದೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರಿತ್ತು. ಈಗಿನ ಮಕ್ಕಳನ್ನು ಕೇಳಿದರೆ ದಾವಣಗೆರೆ ಎಂದರೆ ಬೆಣ್ಣೆ ದೋಸೆ ಅನ್ನುತ್ತಾರೆ. ಅದೂ ಸುಳ್ಳಲ್ಲ. ಆದರೆ ನನ್ನ ವಯಸ್ಸಿನವರಿಗೆ ದಾವಣಗೆರೆ ಎಂದರೆ ಹತ್ತಿ ಗಿರಣಿ. ನಾನು ಅಂಥದೊಂದು ಗಿರಣಿಯಲ್ಲಿ ಇಪ್ಪತ್ತೈದು ವರ್ಷ ದುಡಿದವನು. ನೂಲು ತೆಗೆಯುವ ಯಂತ್ರದ ಮೈಮೇಲೆ ಎರಕದ ಅಕ್ಷರಗಳಲ್ಲಿ ‘ಪ್ಲಾಟ್ ಬ್ರದರ್ಸ್, ಓಲ್ಡಾಮ್’ ಎಂದಿರುತ್ತಿತ್ತು. ಮ್ಯಾಂಚೆಸ್ಟರ್ ಪಕ್ಕದ ಊರಂತೆ ಅದು. ದಿನಾ ಎಂಟು ಗಂಟೆ ಆ ಹೆಸರನ್ನು ನೋಡುತ್ತಿದ್ದೆ. ಆ ಸೀಮೆಗೆ ಒಂದು ದಿನ ನಾನೇ ಹೋಗಿ ಇಳಿಯುತ್ತೇನೆ ಎಂದು ಆಗ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಕರೆಸಿಕೊಂಡವಳು ನನ್ನ ಮಗಳು ಸುಮಾ. ಅವಳು ಅಲ್ಲಿ ಆಸ್ಪತ್ರೆಯಲ್ಲಿ ನರ್ಸ್. ಮನೆ ಇರುವುದು ಮ್ಯಾಂಚೆಸ್ಟರಿನಲ್ಲಲ್ಲ, ಅಲ್ಲಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗೆ ಸಿಗುವ ವಿಗನ್ ಎಂಬ ಊರಿನಲ್ಲಿ. ಒಂದು ಕಡೆ ಮ್ಯಾಂಚೆಸ್ಟರ್, ಇನ್ನೊಂದು ಕಡೆ ಲಿವರ್‌ಪೂಲ್, ನಡುವೆ ವಿಗನ್. ಎರಡು ದೊಡ್ಡ ಮನೆಗಳ ಮಧ್ಯೆ ಇರುವ ಒಂದಂಕಣದ ಮನೆಯ ಹಾಗೆ. ಆ ಎರಡೂ ಊರುಗಳ ಫುಟ್ಬಾಲ್ ತಂಡಗಳ ಹೆಸರು ದಾವಣಗೆರೆಯ ಹುಡುಗರ ಟೀ ಶರ್ಟಿನ ಮೇಲೂ ಇರುತ್ತದೆ. ವಿಗನ್ ಹೆಸರನ್ನು ನಾನಂತೂ ಯಾವ ಶರ್ಟಿನ ಮೇಲೂ ನೋಡಿರಲಿಲ್ಲ.

ಮೊಮ್ಮಗ ನಿಶಾಂತ್‌ಗೆ ಹನ್ನೆರಡು ವರ್ಷ. ಕನ್ನಡ ಅರ್ಥವಾಗುತ್ತದೆ, ಆದರೆ ಬಾಯಿಗೆ ಬರುವುದು ಇಂಗ್ಲಿಷ್. ನನಗೋ ಇಂಗ್ಲಿಷ್ ಓದಲು ಬರುತ್ತದೆ, ಆ ಊರಿನ ಜನ ಮಾತಾಡಿದರೆ ಒಂದಕ್ಷರವೂ ತಿಳಿಯುವುದಿಲ್ಲ. ಹೀಗಾಗಿ ಮೊದಲ ವಾರ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದುದೇ ಹೆಚ್ಚು. ಹುಡುಗ ಮಂಕಾಗಿದ್ದ. ಏನಮ್ಮಾ ಇದು ಎಂದು ಮಗಳನ್ನು ಕೇಳಿದರೆ, “ಅಪ್ಪಾ, ಅವನ ಹತ್ತಿರ ಫುಟ್ಬಾಲ್ ಮಾತು ಮಾತ್ರ ಎತ್ತಬೇಡಿ” ಎಂದಳು.

ವಿಷಯ ಇಷ್ಟೇ. ಅವನೊಂದು ಹುಡುಗರ ತಂಡದಲ್ಲಿ ಆಡುತ್ತಿದ್ದ. ವಯಸ್ಸಿಗೆ ತಕ್ಕ ಎತ್ತರವಿಲ್ಲ, ನಮ್ಮ ಕಡೆಯ ಮೈಕಟ್ಟು. ಒಂದು ಪಂದ್ಯದಲ್ಲಿ ತನ್ನದೇ ಗೋಲಿನ ಹತ್ತಿರ ಚೆಂಡು ಸಿಕ್ಕಾಗ ಅದನ್ನು ದೂರಕ್ಕೆ ಒದೆಯದೆ ಪಕ್ಕದ ಗೆಳೆಯನಿಗೆ ಮೆಲ್ಲಗೆ ತಳ್ಳಿದ್ದಾನೆ. ಅದನ್ನು ಎದುರಾಳಿ ಕಸಿದುಕೊಂಡು ಗೋಲು ಹೊಡೆದ. ಕೋಚ್ ಎಲ್ಲರೆದುರು ಕೂಗಾಡಿದರಂತೆ. ಅದಾದ ಮೇಲೆ ಮೂರು ವಾರ ಇವನನ್ನು ಬೆಂಚಿನ ಮೇಲೆಯೇ ಕೂರಿಸಿದ್ದಾರೆ. ನಾಲ್ಕನೆಯ ವಾರ ಇವನು ಬೂಟನ್ನು ಹಿತ್ತಲಿನ ಶೆಡ್ಡಿಗೆ ಎಸೆದು, ಇನ್ನು ಆಡುವುದಿಲ್ಲ ಎಂದು ಕೂತಿದ್ದಾನೆ.

ಮಕ್ಕಳ ಕೋಪಕ್ಕೆ ದೊಡ್ಡವರು ಬೇಗ ಬುದ್ಧಿ ಹೇಳಬಾರದು. ನಾನು ಸುಮ್ಮನಿದ್ದೆ. ಶನಿವಾರ ಬೆಳಿಗ್ಗೆ, “ನನಗೆ ಊರು ತೋರಿಸಪ್ಪಾ, ಒಬ್ಬನೇ ಹೋದರೆ ದಾರಿ ತಪ್ಪುತ್ತೇನೆ” ಎಂದೆ. ಅದು ನಿಜವೂ ಆಗಿತ್ತು. ವಿಗನ್‌ನಲ್ಲಿ ಎರಡು ರೈಲು ನಿಲ್ದಾಣಗಳು ಒಂದೇ ರಸ್ತೆಯ ಆಚೆ ಈಚೆ ಇವೆ. ಒಂದರ ಹೆಸರು ವಾಲ್‌ಗೇಟ್, ಇನ್ನೊಂದು ನಾರ್ತ್ ವೆಸ್ಟರ್ನ್. ಯಾವುದರಿಂದ ಇಳಿದೆ ಎಂಬುದನ್ನು ನಾನು ಆಗಲೇ ಒಮ್ಮೆ ಮರೆತಿದ್ದೆ.

ಮೊದಲು ಹೋದದ್ದು ವಿಗನ್ ಪಿಯರ್‌ಗೆ. ಮಕ್ಕಳೇ, ಪಿಯರ್ ಎಂದರೆ ಸಮುದ್ರದೊಳಗೆ ಕಂಬ ನೆಟ್ಟು ಚಾಚಿ ಕಟ್ಟಿದ ಕಟ್ಟೆ. ಜನ ಅದರ ಮೇಲೆ ಗಾಳಿ ತಿನ್ನುತ್ತ ಅಡ್ಡಾಡುತ್ತಾರೆ. ನಾನೂ ಹಾಗೆಂದುಕೊಂಡು ಸ್ವೆಟರ್, ಮಂಕಿ ಕ್ಯಾಪ್ ಎಲ್ಲ ಹಾಕಿಕೊಂಡು ಹೊರಟೆ. ಅಲ್ಲಿ ನೋಡಿದರೆ ಸಮುದ್ರವೇ ಇಲ್ಲ! ಒಂದು ಕಾಲುವೆ, ಅದರ ದಂಡೆಯಲ್ಲಿ ಎರಡು ಬಾಗಿದ ಕಬ್ಬಿಣದ ಕಂಬಿ. ಗಣಿಯಿಂದ ಬಂದ ಕಲ್ಲಿದ್ದಲ ಗಾಡಿಗಳನ್ನು ಅಲ್ಲಿ ಬಗ್ಗಿಸಿ ದೋಣಿಗೆ ಸುರಿಯುತ್ತಿದ್ದರಂತೆ. ಆ ಕೊಳಕು ಜಾಗವನ್ನು ತಮಾಷೆಗೆ ಪಿಯರ್ ಎಂದು ಕರೆದರು, ಹೆಸರು ನಿಂತುಬಿಟ್ಟಿತು.

ಆ ತಮಾಷೆಯ ಹೆಸರನ್ನು ಜಗತ್ತಿಗೆಲ್ಲ ತಿಳಿಸಿದವರು ಜಾರ್ಜ್ ಆರ್ವೆಲ್. ಅವರು 1936ರಲ್ಲಿ ಇಲ್ಲಿ ಬಂದಿದ್ದು, ಗಣಿ ಕಾರ್ಮಿಕರ ಬಡತನವನ್ನು ಕಂಡು ಬರೆದ ಪುಸ್ತಕದ ಹೆಸರಿನಲ್ಲೇ ವಿಗನ್ ಪಿಯರ್ ಇದೆ. ಅಜ್ಜ ಅಜ್ಜಿಯಂದಿರಿಗೆ ಆರ್ವೆಲ್ ಗೊತ್ತಿರಬಹುದು. ಅವರು ಹುಟ್ಟಿದ್ದು ನಮ್ಮ ಬಿಹಾರದ ಮೋತಿಹಾರಿಯಲ್ಲಿ, 1903ರಲ್ಲಿ. ಇದನ್ನು ನಿಶಾಂತ್‌ಗೆ ಹೇಳಿದಾಗ ಅವನು ನಂಬಲಿಲ್ಲ. ಫೋನಿನಲ್ಲಿ ನೋಡಿದ ಮೇಲೆ ನನ್ನ ಮೇಲೆ ಸ್ವಲ್ಪ ಗೌರವ ಬಂದಂತೆ ಕಂಡಿತು.

ಕಾಲುವೆಯ ಪಕ್ಕದಲ್ಲೇ ಟ್ರೆಂಚರ್‌ಫೀಲ್ಡ್ ಎಂಬ ಹತ್ತಿ ಗಿರಣಿ. 1907ರದು. ಕೆಂಪು ಇಟ್ಟಿಗೆ, ಸಾಲು ಸಾಲು ದೊಡ್ಡ ಕಿಟಕಿ, ಎತ್ತರದ ಚಿಮಣಿ. ಒಳಗೆ ಆ ಕಾಲದ ಉಗಿ ಯಂತ್ರವನ್ನು ಇನ್ನೂ ಕಾಪಾಡಿ ಇಟ್ಟಿದ್ದಾರೆ. ನಾನು ಕಟ್ಟಡದ ಎದುರು ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಆ ಗೋಡೆ ನೋಡಿದರೆ ನನಗೆ ಹತ್ತಿಯ ಧೂಳಿನ ವಾಸನೆ ಬರುತ್ತಿತ್ತು. ಅಲ್ಲಿ ನೂಲು ನಿಂತು ಎಷ್ಟೋ ವರ್ಷವಾಗಿದೆ. ನಮ್ಮಲ್ಲೂ ಹಾಗೆಯೇ ಆಯಿತಲ್ಲ. ಮೊಮ್ಮಗ ನನ್ನ ತೋಳು ಜಗ್ಗಿ, “ತಾತ, ಕೋಲ್ಡ್” ಎಂದ.

ಕಾಲುವೆಯ ದಂಡೆ ಹಿಡಿದು ನಡೆದೆವು. ಲೀಡ್ಸ್‌ನಿಂದ ಲಿವರ್‌ಪೂಲಿಗೆ ಹೋಗುವ ಕಾಲುವೆ ಇದು, 127 ಮೈಲಿ ಉದ್ದ. ವಿಗನ್ ಬಳಿ ಗುಡ್ಡ ಹತ್ತಬೇಕಾದ್ದರಿಂದ 21 ಲಾಕ್‌ಗಳನ್ನು ಒಂದರ ಹಿಂದೆ ಒಂದು ಕಟ್ಟಿದ್ದಾರೆ. ದೋಣಿಯನ್ನು ಕಟ್ಟೆಯೊಳಗೆ ಬಿಟ್ಟು, ಬಾಗಿಲು ಮುಚ್ಚಿ, ನೀರು ತುಂಬಿಸಿ, ಮೇಲಿನ ಬಾಗಿಲು ತೆರೆಯುವುದು. ನೀರಿಗೆ ಕಟ್ಟಿದ ಮೆಟ್ಟಿಲು ಎನ್ನಿ.

ದಾರಿಯಲ್ಲಿ ನಾಯಿ ಹಿಡಿದುಕೊಂಡು ಎದುರಾದವರು ಮಗಳ ಪಕ್ಕದ ಮನೆಯ ಹಿರಿಯರು. ನನಗಿಂತ ಎರಡು ವರ್ಷ ದೊಡ್ಡವರು. ಊರಿನ ಅಂಚಿನಲ್ಲಿ ಹೈಂಜ್ ಕಂಪನಿಯ ಬಹು ದೊಡ್ಡ ಕಾರ್ಖಾನೆಯಿದೆ, ಡಬ್ಬಿಯಲ್ಲಿ ಬರುವ ಬೇಯಿಸಿದ ಅವರೆಯಂಥ ಕಾಳು ತಯಾರಾಗುವುದು ಅಲ್ಲೇ. ಅವರು ಅಲ್ಲಿ ದುಡಿದು ನಿವೃತ್ತರಾದವರು. ನಾವೂ ಅವರೂ ಕೈ ಕುಲುಕಿದೆವು. ಅವರು ಏನೋ ಹೇಳಿದರು. ನಾನು ಮೊಮ್ಮಗನ ಮುಖ ನೋಡಿದೆ.

“ತಾತ, ಅವರು... ಸ್ಟೇಡಿಯಂ ತೋರಿಸ್ತೀನಿ ಅಂತಾರೆ” ಎಂದ ನಿಶಾಂತ್, ಒಲ್ಲದ ಮನಸ್ಸಿನಿಂದ. ಫುಟ್ಬಾಲ್ ಮಾತು ಎತ್ತಿದ್ದು ನಾನಲ್ಲ ನೋಡಿ.

ಕ್ರೀಡಾಂಗಣ ಕಾಲುವೆಯಿಂದ ದೂರವಿಲ್ಲ. 25 ಸಾವಿರ ಜನ ಕೂರಬಹುದು. 1999ರಲ್ಲಿ ತೆರೆದದ್ದು. ಹೆಸರು ಎರಡು ಸಲ ಬದಲಾಗಿದೆಯಂತೆ, ಹಳಬರು ತಮಗೆ ಬೇಕಾದ ಹೆಸರಿನಿಂದ ಕರೆಯುತ್ತಾರೆ. ಅಲ್ಲಿ ವಿಗನ್ ಅಥ್ಲೆಟಿಕ್ ಎಂಬ ಫುಟ್ಬಾಲ್ ತಂಡ ಆಡುತ್ತದೆ, ವಿಗನ್ ವಾರಿಯರ್ಸ್ ಎಂಬ ರಗ್ಬಿ ತಂಡವೂ ಆಡುತ್ತದೆ. ಇದು ಮೊದಲಿನಿಂದಲೂ ರಗ್ಬಿ ಊರು. ಫುಟ್ಬಾಲ್ ತಂಡ ಹುಟ್ಟಿದ್ದೇ 1932ರಲ್ಲಿ, ಇಂಗ್ಲೆಂಡಿನ ಲೆಕ್ಕದಲ್ಲಿ ಅದು ಮೊನ್ನೆ ಮೊನ್ನೆ. ಊರಿನಲ್ಲಿ ಅದಕ್ಕೆ ಚಿಕ್ಕ ಸೊಸೆಯ ಮರ್ಯಾದೆ.

ಹೊರಗೆ ಒಂದು ಪ್ರತಿಮೆ. ಕೈಯಲ್ಲಿ ಕಪ್ ಹಿಡಿದ ಒಬ್ಬ ಮುದುಕರು. ಆಟಗಾರರೇ ಎಂದು ಕೇಳಿದೆ. ಹೌದು, ಅಲ್ಲ, ಎರಡೂ ಎಂದರು ನಮ್ಮ ಹಿರಿಯರು. ಅವರು ಡೇವ್ ವೀಲನ್. ವಿಗನ್‌ನಲ್ಲಿ ಬೆಳೆದ ಹುಡುಗ. 1960ರಲ್ಲಿ ಬ್ಲ್ಯಾಕ್‌ಬರ್ನ್ ತಂಡದ ಪರವಾಗಿ ಎಫ್.ಎ. ಕಪ್ ಫೈನಲ್ ಆಡುವಾಗ ಕಾಲು ಮುರಿಯಿತು. ಆಗ ಬದಲಿ ಆಟಗಾರನನ್ನು ಇಳಿಸುವ ನಿಯಮವೇ ಇರಲಿಲ್ಲ. ಹತ್ತೇ ಜನ ಆಡಿ ಬ್ಲ್ಯಾಕ್‌ಬರ್ನ್ 3-0ಯಿಂದ ಸೋತಿತು. ವೀಲನ್ ಆಮೇಲೆ ಸಂತೆಯಲ್ಲಿ ಅಂಗಡಿ ಇಟ್ಟರು. ಅಲ್ಲಿಂದ ಸೂಪರ್ ಮಾರ್ಕೆಟ್, ಆಮೇಲೆ ಆಟದ ಸಾಮಾನಿನ ಅಂಗಡಿಗಳ ದೊಡ್ಡ ಸಾಲು. 1995ರಲ್ಲಿ ತಮ್ಮೂರ ಫುಟ್ಬಾಲ್ ಕ್ಲಬ್ಬನ್ನು ಕೊಂಡರು. ಕ್ಲಬ್ ಆಗ ನಾಲ್ಕನೆಯ ದರ್ಜೆಯಲ್ಲಿತ್ತು. ಅದನ್ನು ಪ್ರೀಮಿಯರ್ ಲೀಗಿಗೆ ಒಯ್ಯುತ್ತೇನೆ ಎಂದರು. ಊರವರೇ ನಕ್ಕರು.

“ನೀವೂ ನಕ್ಕಿರಾ?” ಎಂದು ಕೇಳಿಸಿದೆ.

“ಎಲ್ಲರಿಗಿಂತ ಜೋರಾಗಿ ಅಂತೆ” ಎಂದ ನಿಶಾಂತ್. ಅವನೂ ಸ್ವಲ್ಪ ನಕ್ಕ.

ಅದೇ ಬೇಸಿಗೆಯಲ್ಲಿ ಸ್ಪೇನ್ ದೇಶದಿಂದ ಮೂವರು ಹುಡುಗರು ಬಂದಿಳಿದರು. ರೊಬೆರ್ಟೊ ಮಾರ್ಟಿನೆಜ್, ಇಸಿದ್ರೊ ದಿಯಾಜ್, ಹೆಸುಸ್ ಸೆಬಾ. (ಕೊನೆಯ ಹೆಸರನ್ನು ನಾನು ಜೀಸಸ್ ಎಂದು ಓದಿದೆ. ಮೊಮ್ಮಗ ತಿದ್ದಿದ.) ಇಂದು ಇಂಗ್ಲೆಂಡಿನ ತಂಡಗಳಲ್ಲಿ ಹೊರದೇಶದವರು ತುಂಬಿದ್ದಾರೆ. ಆಗ ನಾಲ್ಕನೆಯ ದರ್ಜೆಯ ಬಡ ತಂಡಕ್ಕೆ ಸ್ಪೇನಿನಿಂದ ಆಟಗಾರರು ಬರುವುದೆಂದರೆ ನಮ್ಮ ಹೋಬಳಿ ಕಬಡ್ಡಿಗೆ ಜಪಾನಿನವರು ಬಂದ ಹಾಗೆ. ಜನ ಖುಷಿಯಿಂದ ಅಗಲ ಅಂಚಿನ ಸೊಂಬ್ರೆರೊ ಟೋಪಿ ಹಾಕಿಕೊಂಡು ಪಂದ್ಯಕ್ಕೆ ಹೋದರು. ಸೊಂಬ್ರೆರೊ ಮೆಕ್ಸಿಕೊದ ಟೋಪಿ, ಸ್ಪೇನಿನದಲ್ಲ! ನಮ್ಮ ಹಿರಿಯರ ಮನೆಯಲ್ಲಿ ಆ ಟೋಪಿ ಇನ್ನೂ ಇದೆ. ಸಂಜೆ ಚಹಾಕ್ಕೆ ಕರೆದು ತೋರಿಸಿದರು. ಒಂದು ಕಡೆ ಇಲಿ ಕಡಿದಿತ್ತು.

ಮೂವರಲ್ಲಿ ನಮ್ಮ ಕಥೆಗೆ ಬೇಕಾದವನು ಮಾರ್ಟಿನೆಜ್. ಕ್ಯಾಟಲೋನಿಯಾದ ಬಲಾಗೆರ್ ಎಂಬ ಸಣ್ಣ ಊರಿನವನು. ಆಗ 22 ವರ್ಷ. ಝರಗೋಝಾದ ದೊಡ್ಡ ತಂಡದಲ್ಲಿ ಲೀಗಿನ ಒಂದೇ ಒಂದು ಪಂದ್ಯ ಆಡಿದ್ದ. ಆಟದ ಜೊತೆಗೆ ಫಿಸಿಯೋಥೆರಪಿ ಓದಿದ್ದ. ಬಂದ ಊರು ಎಂಥದು? ಮಳೆ, ಮೋಡ, ಪೈ ತಿನ್ನುವ ಜನ. ಪೈ ಎಂದರೆ ಹಿಟ್ಟಿನ ಚಿಪ್ಪಿನೊಳಗೆ ಹೂರಣ ತುಂಬಿ ಸುಟ್ಟದ್ದು, ನಮ್ಮ ಕರಿಗಡುಬಿನ ದೂರದ ನೆಂಟ. ಇಲ್ಲಿನವರನ್ನು ಪಕ್ಕದೂರಿನವರು ‘ಪೈ ತಿನ್ನುವವರು’ ಎಂದೇ ಛೇಡಿಸುತ್ತಾರೆ. ನಾನು ತಿಂದದ್ದು ಚೀಸ್ ಈರುಳ್ಳಿಯದು. ಚೆನ್ನಾಗಿತ್ತು, ಒಂದು ಹಸಿಮೆಣಸಿನಕಾಯಿ ಇದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ಮಾರ್ಟಿನೆಜ್ ಆರು ವರ್ಷ ಇಲ್ಲಿ ಆಡಿದ. 1997ರಲ್ಲಿ ತಂಡ ತನ್ನ ದರ್ಜೆಯಲ್ಲಿ ಮೊದಲ ಸ್ಥಾನ ಪಡೆದು ಮೇಲೇರಿತು. 2001ರಲ್ಲಿ ಅವನು ಹೊರಟ. ವಿಗನ್ ಏರುತ್ತಲೇ ಹೋಯಿತು. 2005ರಲ್ಲಿ ನಿಜವಾಗಿಯೂ ಪ್ರೀಮಿಯರ್ ಲೀಗ್ ಸೇರಿತು. ವೀಲನ್ ಮಾತು ಕೊಟ್ಟು ಹತ್ತು ವರ್ಷಕ್ಕೆ.

ಮಾರ್ಟಿನೆಜ್ 2007ರಲ್ಲಿ ವೇಲ್ಸ್‌ನ ಸ್ವಾನ್ಸಿ ತಂಡಕ್ಕೆ ಮ್ಯಾನೇಜರ್ ಆದ. 2009ರಲ್ಲಿ ವಿಗನ್‌ಗೆ ಮ್ಯಾನೇಜರ್ ಆಗಿ ಮರಳಿದ. ಮ್ಯಾನೇಜರ್ ಎಂದರೆ ನನ್ನ ಕಣ್ಣಿಗೆ ಕೋಟು, ಹಾಜರಿ ಪುಸ್ತಕ, ತಡವಾಗಿ ಬಂದವರ ಅರ್ಧ ದಿನದ ಸಂಬಳ ಕಡಿತ. ಫುಟ್ಬಾಲಿನಲ್ಲಿ ಹಾಗಲ್ಲ. ಯಾರು ಆಡಬೇಕು, ಹೇಗೆ ಆಡಬೇಕು, ಯಾರನ್ನು ಕೊಳ್ಳಬೇಕು ಎಂದು ಹೇಳುವ ಮೇಷ್ಟ್ರೇ ಮ್ಯಾನೇಜರ್.

ಈ ಮೇಷ್ಟ್ರು ಬಂದು ಏನು ಮಾಡಿದ? ಇಂಗ್ಲೆಂಡಿನ ಸಣ್ಣ ತಂಡಗಳ ಹಳೆಯ ಪದ್ಧತಿ ಹೀಗಿತ್ತು: ಹಿಂದಿನವನು ಚೆಂಡನ್ನು ಬಲವಾಗಿ ಮುಂದಕ್ಕೆ ಒದೆಯಬೇಕು, ಮುಂದೆ ನಿಂತ ಎತ್ತರದವನು ತಲೆಯಿಂದ ಹೊಡೆಯಬೇಕು. ಅಪಾಯವಿಲ್ಲ, ಯೋಚನೆಯೂ ಬೇಕಿಲ್ಲ. ಮಾರ್ಟಿನೆಜ್ ಚೆಂಡನ್ನು ನೆಲದ ಮೇಲೆ ಇಡಿ ಎಂದ. ಗೋಲ್ ಕೀಪರ್ ಕೂಡ ಒದೆಯದೆ ಹತ್ತಿರದವನಿಗೆ ಕೊಡಲಿ. ಅವನು ಇನ್ನೊಬ್ಬನಿಗೆ. ಎದುರಾಳಿ ಓಡಿ ಬಂದಾಗ ಚೆಂಡು ಬೇರೆಡೆ ಇರಬೇಕು, ಅವನು ಬಿಟ್ಟು ಬಂದ ಜಾಗದಲ್ಲಿ ನಮ್ಮವನು ನಿಂತಿರಬೇಕು.

ಇದನ್ನು ಹಿರಿಯರು ಹೇಳುತ್ತಿದ್ದರು, ನಿಶಾಂತ್ ಕನ್ನಡಕ್ಕೆ ತರುತ್ತಿದ್ದ. ಆದರೆ ಕನ್ನಡ ಸಾಲಲಿಲ್ಲ. ಅವನು ದಾರಿಯ ಮೇಲಿನ ಮೂರು ಕಲ್ಲು ಹೆಕ್ಕಿ ನೆಲದ ಮೇಲಿಟ್ಟ. “ಇದು ಕೀಪರ್. ಇದು ಡಿಫೆಂಡರ್. ಇದು ನಾನು. ನೋಡು ತಾತ, ಯಾವಾಗಲೂ ತ್ರಿಕೋನ.” ಎಂದು ಬೆರಳಿನಿಂದ ಚೆಂಡಿನ ದಾರಿ ಎಳೆದ. ಆಚೆ ಈಚೆ, ಆಚೆ ಈಚೆ.

“ಲಾಳಿ!” ಎಂದೆ ನಾನು. ಮಗ್ಗದಲ್ಲಿ ಹಾಸು ನೂಲಿನ ನಡುವೆ ಹೊಕ್ಕು ನೂಲನ್ನು ಹೊತ್ತು ಆಚೆ ಈಚೆ ಓಡುತ್ತದಲ್ಲ, ಅದು ಲಾಳಿ. ಒಂದು ಸಲ ಓಡಿದರೆ ಏನೂ ಕಾಣುವುದಿಲ್ಲ. ಸಾವಿರ ಸಲ ಓಡಿದ ಮೇಲೆ ಬಟ್ಟೆ ಕಾಣುತ್ತದೆ. ಇದನ್ನು ನಿಶಾಂತ್ ಇಂಗ್ಲಿಷಿಗೆ ತಿರುಗಿಸಿ ಹೇಳಿದಾಗ ಆ ಹಿರಿಯರು ನನ್ನ ಬೆನ್ನು ತಟ್ಟಿದರು. ಅವರ ತಾಯಿ ಇಂಥದೇ ಗಿರಣಿಯಲ್ಲಿ ನೇಯುತ್ತಿದ್ದವರಂತೆ.

ಸರಿ, ಇಷ್ಟು ಚೆಂದದ ಆಟ ಬಂತು, ತಂಡ ಗೆದ್ದುಕೊಂಡೇ ಹೋಯಿತು ಎಂದುಕೊಳ್ಳಬೇಡಿ. ಮೊದಲ ವರ್ಷವೇ ಲಂಡನ್ನಿನ ಟಾಟನ್‌ಹ್ಯಾಮ್ ವಿರುದ್ಧ 9-1ರಿಂದ ಸೋತರು! ಓದುತ್ತಿರುವ ಮಕ್ಕಳಿಗೆ ಫುಟ್ಬಾಲ್ ಗೊತ್ತಿದ್ದರೆ ಇದೆಷ್ಟು ನಾಚಿಕೆಯ ಲೆಕ್ಕ ಎಂದು ಗೊತ್ತಾಗುತ್ತದೆ. ಅಷ್ಟು ದೂರ ಹೋಗಿ ನೋಡಿದ ಅಭಿಮಾನಿಗಳಿಗೆ ಟಿಕೆಟ್ಟಿನ ಹಣವನ್ನು ಆಟಗಾರರೇ ಕೈಯಿಂದ ಹಿಂದಿರುಗಿಸಲು ಮುಂದಾದರು. ಅದೇ ಋತುವಿನ ಕೊನೆಯ ಪಂದ್ಯದಲ್ಲಿ ಚೆಲ್ಸಿ ವಿರುದ್ಧ 8-0. ಆಗ ಊರಿನಲ್ಲಿ ಎಷ್ಟು ಜನ ಈ ಮೇಷ್ಟ್ರನ್ನು ಬೈದಿರಬೇಡ! ನಮ್ಮ ಹಿರಿಯರೂ ಬೈದವರೇ. ಮಾರ್ಟಿನೆಜ್ ಮಾತ್ರ ಪದ್ಧತಿ ಬಿಡಲಿಲ್ಲ. ವೀಲನ್ ಅವನನ್ನು ಬಿಡಲಿಲ್ಲ. ನನ್ನ ಲೆಕ್ಕದಲ್ಲಿ ಎರಡನೆಯದು ಹೆಚ್ಚು ದೊಡ್ಡದು. 9-1 ಸೋತವನನ್ನು ಮನೆಗೆ ಕಳಿಸುವುದು ಬಹಳ ಸುಲಭ.

ಪ್ರೀಮಿಯರ್ ಲೀಗಿನಲ್ಲಿ 20 ತಂಡ. ಕೊನೆಯ ಮೂರು ಕೆಳಗಿನ ದರ್ಜೆಗೆ ಇಳಿಯಬೇಕು. ವಿಗನ್ ಪ್ರತಿ ವರ್ಷ ಆ ಗೆರೆಯ ಹತ್ತಿರವೇ ತೂಗಾಡುತ್ತಿತ್ತು. 2011ರಲ್ಲಿ ಕೊನೆಯ ದಿನ ಗೆದ್ದು ಉಳಿಯಿತು. 2012ರಲ್ಲಿ ಇನ್ನೇನು ಮುಳುಗಿತು ಎನ್ನುವಾಗ ಮಾರ್ಟಿನೆಜ್ ಹಿಂದೆ ನಾಲ್ವರ ಬದಲು ಮೂವರನ್ನೇ ನಿಲ್ಲಿಸಿ ಆಡಿಸತೊಡಗಿದ. ಕೊನೆಯ ಒಂಬತ್ತು ಪಂದ್ಯಗಳಲ್ಲಿ ಏಳು ಗೆಲುವು. ಲಿವರ್‌ಪೂಲನ್ನು ಅವರ ಊರಿನಲ್ಲೇ, ಆರ್ಸೆನಲ್ಲನ್ನು ಅವರ ಊರಿನಲ್ಲೇ, ಮ್ಯಾಂಚೆಸ್ಟರ್ ಯುನೈಟೆಡ್ಡನ್ನು ಇಲ್ಲಿ ನಮ್ಮ ಕಣ್ಣೆದುರಿನ ಈ ಕ್ರೀಡಾಂಗಣದಲ್ಲೇ ಸೋಲಿಸಿದರು. ಹೇಳುತ್ತ ಹೇಳುತ್ತ ಹಿರಿಯರ ನಾಯಿ ಎರಡು ಸಲ ನಮ್ಮ ಕಾಲು ಸುತ್ತಿ ಹಗ್ಗ ಸಿಕ್ಕಿಸಿತು. ಯಾರಿಗೂ ಅದರ ಪರಿವೆಯಿಲ್ಲ.

ಇನ್ನು 2013. ನಿಶಾಂತ್ ಹುಟ್ಟಿದ ವರ್ಷ.

ಎಫ್.ಎ. ಕಪ್ ಜಗತ್ತಿನ ಅತಿ ಹಳೆಯ ಫುಟ್ಬಾಲ್ ಸ್ಪರ್ಧೆ, 1871ರಲ್ಲಿ ಶುರುವಾದದ್ದು. ಆ ವರ್ಷ ವಿಗನ್ ಫೈನಲ್ ತಲುಪಿತು. ಎದುರಿಗೆ ಹಿಂದಿನ ವರ್ಷದ ಲೀಗ್ ಚಾಂಪಿಯನ್ ಮ್ಯಾಂಚೆಸ್ಟರ್ ಸಿಟಿ. ಮೇ 11ರಂದು ವೆಂಬ್ಲಿ ಮೈದಾನಕ್ಕೆ ತಂಡವನ್ನು ಕರೆದುಕೊಂಡು ಬಂದವರು ಡೇವ್ ವೀಲನ್, ಪಕ್ಕದಲ್ಲಿ ಮಾರ್ಟಿನೆಜ್. 53 ವರ್ಷದ ಹಿಂದೆ ಅದೇ ಊರಿನ ಹಳೆಯ ವೆಂಬ್ಲಿಯಲ್ಲಿ ಮುರಿದ ಕಾಲಿನಲ್ಲಿ ಹೊರಗೆ ಹೋದವರು.

ಗೋಲ್ ಕೀಪರ್ ಹೊಯೆಲ್ ರೊಬ್ಲೆಸ್ ಸ್ಪೇನಿನವನು. ಮಧ್ಯದಲ್ಲಿ ಜೋರ್ಡಿ ಗೊಮೆಜ್, ಅವನೂ ಸ್ಪೇನಿನವನೇ. ಉಳಿದಂತೆ ಸ್ಕಾಟ್ಲೆಂಡ್, ಐರ್ಲೆಂಡ್, ಪರಾಗ್ವೆ, ಹೊಂಡುರಾಸ್, ಆಸ್ಟ್ರಿಯಾ ಎಂದು ಜಾತ್ರೆಯಂಥ ತಂಡ. ಹೆಚ್ಚು ಓಡಿ ಕಾಡಿದವನು ಕ್ಯಾಲಮ್ ಮೆಕ್‌ಮಾನಮನ್ ಎಂಬ ಯುವಕ, ಕ್ಲಬ್ಬೇ ಬೆಳೆಸಿದವನು. ಆಟ 90 ನಿಮಿಷ ಮುಗಿದರೂ 0-0. ಮಾರ್ಟಿನೆಜ್ ಕೊನೆಯಲ್ಲಿ ಬೆನ್ ವಾಟ್ಸನ್ ಎಂಬವನನ್ನು ಬದಲಿಯಾಗಿ ಇಳಿಸಿದ್ದ. ಈ ವಾಟ್ಸನ್ ಹಿಂದಿನ ನವೆಂಬರಿನಲ್ಲಿ ಕಾಲು ಮುರಿದುಕೊಂಡು ತಿಂಗಳುಗಟ್ಟಲೆ ಮನೆಯಲ್ಲಿದ್ದವನು. ಹೆಚ್ಚುವರಿ ನಿಮಿಷದಲ್ಲಿ ಶಾನ್ ಮಲೋನಿ ಕಾರ್ನರ್‌ನಿಂದ ಚೆಂಡು ಹಾಕಿದ. ವಾಟ್ಸನ್ ಜಿಗಿದು ತಲೆ ಕೊಟ್ಟ. ಚೆಂಡು ಕೀಪರ್ ಮೇಲಿಂದ ಗೋಲಿನೊಳಕ್ಕೆ.

ಹಿರಿಯರು ವೆಂಬ್ಲಿಯಲ್ಲೇ ಇದ್ದರು. ಆ ಕ್ಷಣ ಏನು ಮಾಡಿದಿರಿ ಎಂದು ಕೇಳಿದೆ. ಅವರು ಏನೂ ಹೇಳದೆ ಪ್ರತಿಮೆಯ ಕಡೆ ನೋಡಿದರು. ಇದನ್ನು ಅನುವಾದ ಮಾಡಬೇಕಾಗಿರಲಿಲ್ಲ.

ಮೂರೇ ದಿನ. ಮೇ 14ರಂದು ಆರ್ಸೆನಲ್ ವಿರುದ್ಧ ಲೀಗ್ ಪಂದ್ಯ. 4-1ರಿಂದ ಸೋತು ವಿಗನ್ ಪ್ರೀಮಿಯರ್ ಲೀಗಿನಿಂದ ಹೊರಬಿತ್ತು. ಒಂದೇ ಋತುವಿನಲ್ಲಿ ಎಫ್.ಎ. ಕಪ್ ಗೆದ್ದು, ಕೆಳಗಿನ ದರ್ಜೆಗೂ ಇಳಿದ ತಂಡ ಅಲ್ಲಿಯ ತನಕ ಒಂದೂ ಇರಲಿಲ್ಲ.

ಇದನ್ನು ಹೇಳುವಾಗ ನಿಶಾಂತ್ ತಡವರಿಸಿದ. “ತಾತ, ರೆಲಿಗೇಷನ್‌ಗೆ ಕನ್ನಡದಲ್ಲಿ ಏನು?”

ನನಗೂ ಹೊಳೆಯಲಿಲ್ಲ. “ಇಳಿಸಿದರು ಅನ್ನು” ಎಂದೆ.

“ಕಪ್ ಕೊಟ್ಟು ಇಳಿಸಿದರು” ಎಂದು ಅವನೇ ಪೂರ್ತಿ ವಾಕ್ಯ ಮಾಡಿದ. ನಾನು ಊರಿಗೆ ಬಂದ ಮೇಲೆ ಅವನು ತಾನಾಗಿ ಕಟ್ಟಿದ ಮೊದಲ ಪೂರ್ತಿ ಕನ್ನಡ ವಾಕ್ಯ ಅದು.

“ಆಮೇಲೆ ಜನ ಅತ್ತರಾ?” ಎಂದು ಕೇಳಿಸಿದೆ. ಮುಂದಿನ ವಾರ ತೆರೆದ ಬಸ್ಸಿನಲ್ಲಿ ಕಪ್ ಇಟ್ಟುಕೊಂಡು ಊರು ತುಂಬ ಮೆರವಣಿಗೆ ಮಾಡಿದರಂತೆ. ರಸ್ತೆಯ ಎರಡೂ ಬದಿಗೆ ಸಾವಿರಾರು ಜನ. ಇಳಿದವರಿಗೆ ಮೆರವಣಿಗೆ! ಅಳುವವರು ಅದರ ನಡುವೆಯೇ ಅತ್ತಿರಬೇಕು. ಮಾರ್ಟಿನೆಜ್ ಅದಾದ ಮೇಲೆ ಎವರ್ಟನ್‌ಗೆ ಹೋದ. ಅಲ್ಲಿಂದ ಬೆಲ್ಜಿಯಂ ದೇಶದ ತಂಡಕ್ಕೆ, 2018ರ ವಿಶ್ವಕಪ್‌ನಲ್ಲಿ ಅದಕ್ಕೆ ಮೂರನೆಯ ಸ್ಥಾನ. 2023ರಿಂದ ಪೋರ್ಚುಗಲ್ ತಂಡ. ರೊನಾಲ್ಡೊಗೆ ಹೇಳಿಕೊಡುವ ಮೇಷ್ಟ್ರು ಒಂದು ಕಾಲದಲ್ಲಿ ಈ ಕಾಲುವೆಯ ಊರಿನಲ್ಲಿ ಮಳೆಯಲ್ಲಿ ನೆನೆದವನು.

ಈಗಂತೂ ಇಂಗ್ಲೆಂಡ್ ತುಂಬ ಸ್ಪೇನಿನ ಮೇಷ್ಟ್ರುಗಳ ಹೆಜ್ಜೆ ಗುರುತು. ಬೆನಿಟೆಜ್ 2004ರಲ್ಲೇ ಲಿವರ್‌ಪೂಲಿಗೆ ಬಂದು ಮರುವರ್ಷ ಯುರೋಪಿನ ಕಪ್ ಗೆದ್ದಿದ್ದರು. 2016ರಲ್ಲಿ ಗಾರ್ಡಿಯೋಲಾ ಮ್ಯಾಂಚೆಸ್ಟರ್ ಸಿಟಿಗೆ, 2019ರಲ್ಲಿ ಆರ್ಟೆಟಾ ಆರ್ಸೆನಲ್‌ಗೆ, 2022ರಲ್ಲಿ ಎಮೆರಿ ಆಸ್ಟನ್ ವಿಲ್ಲಾಕ್ಕೆ ಬಂದರು. ಅವರ ಕೈಯಲ್ಲಿ ಹಣವಿತ್ತು, ಹೆಸರಿತ್ತು. ವಿಗನ್‌ನಲ್ಲಿ ಎರಡೂ ಇರಲಿಲ್ಲ, ಆದ್ದರಿಂದಲೇ ನನಗೆ ಇದರ ಕಥೆ ಹಿಡಿಸಿತು. ಇನ್ನೊಂದು ಸಂಗತಿ ಹೇಳಿಬಿಡುತ್ತೇನೆ. 2018ರ ಫೆಬ್ರವರಿಯಲ್ಲಿ, ಮೂರನೆಯ ದರ್ಜೆಯಲ್ಲಿದ್ದ ವಿಗನ್ ಇದೇ ಮೈದಾನದಲ್ಲಿ ಗಾರ್ಡಿಯೋಲಾ ಅವರ ಸಿಟಿಯನ್ನು ಎಫ್.ಎ. ಕಪ್‌ನಿಂದ 1-0ಯಿಂದ ಹೊರಗಟ್ಟಿತು. ಗೋಲು ವಿಲ್ ಗ್ರಿಗ್‌ನದು. ಅದನ್ನು ಹೇಳುವಾಗ ನಮ್ಮ ಹಿರಿಯರ ನಗು ನೋಡಬೇಕಿತ್ತು.

2020ರಲ್ಲಿ ಕ್ಲಬ್ ದಿವಾಳಿಯ ಅಂಚಿಗೆ ಬಂತು. ದಂಡವಾಗಿ 12 ಅಂಕ ಕಳೆದುಕೊಂಡು ಮತ್ತೆ ಇಳಿಯಿತು. ಅಭಿಮಾನಿಗಳು ಕೈಲಾದಷ್ಟು ಹಣ ಹಾಕಿ ಉಳಿಸಿಕೊಳ್ಳಲು ನಿಂತರು. 2023ರಲ್ಲಿ ಮ್ಯಾನೇಜರ್ ಆಗಿ ಬಂದವನು ಯಾರು ಗೊತ್ತೇ? ಅಂದು ಕಾರ್ನರ್‌ನಿಂದ ಚೆಂಡು ಹಾಕಿದ ಶಾನ್ ಮಲೋನಿ. ನಡುವೆ ಬೆಲ್ಜಿಯಂನಲ್ಲಿ ಮಾರ್ಟಿನೆಜ್ ಕೈಕೆಳಗೆ ಸಹಾಯಕನಾಗಿದ್ದು ಬಂದವನು. ಅವನಿಗಿಂತ ಮೊದಲು, 2013ರ ಕಪ್ ಎತ್ತಿದವರಲ್ಲಿ ಒಬ್ಬನಾದ ಗ್ಯಾರಿ ಕಾಲ್ಡ್‌ವೆಲ್ ಕೂಡ ಇಲ್ಲಿ ಮ್ಯಾನೇಜರ್ ಆಗಿದ್ದ. ಸ್ಪೇನಿನವನು ಹೊರಟು ಹೋದ ಮೇಲೂ ಶಿಷ್ಯರು ಸುತ್ತಿ ಸುತ್ತಿ ಬಂದರು.

ವಾಪಸ್ಸು ಹೊರಟಾಗ ಹಿರಿಯರು ಜೇಬಿನಿಂದ ‘ಅಂಕಲ್ ಜೋಸ್’ ಪುದೀನ ಉಂಡೆಗಳ ಡಬ್ಬಿ ತೆಗೆದು ಒಂದೊಂದು ಕೊಟ್ಟರು. ಇದೇ ಊರಿನಲ್ಲಿ 1898ರಿಂದ ಮಾಡುತ್ತಿರುವ ಪೆಪ್ಪರಮಿಂಟು. ಬಾಯಿಗೆ ಹಾಕಿದರೆ ಮೂಗಿನವರೆಗೆ ಖಾರ. ಅವರು ನಿಶಾಂತ್‌ಗೆ ಏನೋ ಕೇಳಿದರು. ಅವನು ತಲೆ ತಗ್ಗಿಸಿ ಉತ್ತರ ಕೊಟ್ಟ. ಅವರು ಮತ್ತೇನೋ ಹೇಳಿ ನಾಯಿ ಕರೆದುಕೊಂಡು ಹೋದರು.

“ಏನಂದರು?”

ಸ್ವಲ್ಪ ದೂರ ನಡೆದ ಮೇಲೆ ಹೇಳಿದ. “ಯಾಕೆ ಆಡ್ತಿಲ್ಲ ಅಂತ ಕೇಳಿದರು. ನಾನು ಪಾಸ್ ಮಾಡಿ ಗೋಲ್ ಆಯ್ತು ಅಂದೆ. ಎಷ್ಟು ಗೋಲ್ ಅಂದರು. ಒಂದು ಅಂದೆ. ಒಂಬತ್ತು ಆದ ಮೇಲೆ ಬಾ ಅಂದರು.”

ಅವನು ನಗುತ್ತಿದ್ದನೋ ಪುದೀನಕ್ಕೆ ಕಣ್ಣಲ್ಲಿ ನೀರು ಬಂದಿತ್ತೋ, ನಾನು ಕೇಳಲಿಲ್ಲ.

ಮರುದಿನ ಮಧ್ಯಾಹ್ನ ಶೆಡ್ಡಿನ ಬಾಗಿಲು ಕಿರ್ ಎಂದಿತು. ಹಿತ್ತಲಿನ ಹುಲ್ಲಿನ ಮೇಲೆ ಮೂರು ಹೂಕುಂಡ ಇಟ್ಟು, ನನ್ನನ್ನು ಗೋಲ್ ಕೀಪರ್ ಮಾಡಿ ನಿಲ್ಲಿಸಿದ. ಮಂಕಿ ಕ್ಯಾಪು, ಕಾಲಿಗೆ ಮಗಳ ಮನೆಯ ಉಣ್ಣೆ ಚಪ್ಪಲಿ. ನಾನು ಒದ್ದ ಚೆಂಡು ಒಂದು ಸಲ ಬೇಲಿ ಹಾರಿ ಪಕ್ಕದ ಮನೆಗೆ ಹೋಯಿತು. “ತಾತ, ಲಾಂಗ್ ಬಾಲ್ ಬೇಡ!” ಎಂದು ಕೂಗಿದ. ಚೆಂಡು ಹಿಂದಿರುಗಿ ಬಂದಾಗ ಅದರ ಜೊತೆಗೆ ಆಚೆಯಿಂದ ಏನೋ ಮಾತು ಬಂತು, ಇಬ್ಬರೂ ಜೋರಾಗಿ ನಕ್ಕರು. ನನಗೆ ಅನುವಾದ ಸಿಗಲಿಲ್ಲ.

ಆರು ವಾರ ಇದ್ದು ದಾವಣಗೆರೆಗೆ ಮರಳಿದೆ. ಹೊರಡುವ ಹಿಂದಿನ ದಿನ ಅವನು ತಾಯಿಯ ಜೊತೆ ಹೋಗಿ ಕೋಚ್ ಹತ್ತಿರ ಮಾತಾಡಿ ಬಂದಿದ್ದ. ಏನು ಮಾತಾಯಿತೆಂದು ಕೇಳಿದ್ದಕ್ಕೆ, “ಟ್ರೇನಿಂಗ್‌ಗೆ ಬಾ, ನೋಡೋಣ ಅಂದರು” ಎಂದಿದ್ದ.

ಮೊನ್ನೆ ಭಾನುವಾರ ರಾತ್ರಿ ಫೋನಿನಲ್ಲಿ ಮುಖ ಕಾಣಿಸಿತು. ಕೆನ್ನೆಗೆ ಕೆಸರು.

“ತಾತ, ಕೊನೆಗೆ ಹದಿನೈದು ನಿಮಿಷ ಆಡಿದೆ.”

“ಗೆದ್ದಿರಾ?”

“ಇಲ್ಲ. 4-2. ಸೋತೆವು.”

“ಚೆಂಡು ದೂರ ಒದ್ದೆಯಾ?”

“ಇಲ್ಲ. ಕೀಪರ್‌ಗೆ ಕೊಟ್ಟೆ. ಅವನು ಪಕ್ಕಕ್ಕೆ ಕೊಟ್ಟ. ನಾನು ಮುಂದೆ ಓಡಿದೆ, ಮತ್ತೆ ನನಗೇ ಬಂತು.”

“ಆಮೇಲೆ?”

“ಆಮೇಲೆ ಬಿದ್ದೆ.”

“ಕೋಚ್ ಬೈದರಾ?”

“ಬೈದರು. ಸ್ವಲ್ಪ.” ಎಂದು ಹೇಳಿ, ಅಮ್ಮ ಸ್ನಾನಕ್ಕೆ ಕೂಗುತ್ತಿದ್ದಾಳೆಂದು ಫೋನನ್ನು ಮೇಜಿನ ಮೇಲೆ ಹಾಗೆಯೇ ಇಟ್ಟು ಓಡಿದ. ಪರದೆಯಲ್ಲಿ ಬಹಳ ಹೊತ್ತು ಅವರ ಮನೆಯ ಬಾಗಿಲು ಕಾಣುತ್ತಿತ್ತು. ಕಾಲೊರಸಿನ ಮೇಲೆ ಕೆಸರಾದ ಬೂಟು ಎರಡು.